ಇಟಲಿಗೆ ನಡೆಯುವ ತಾಲೀಮು

ಉಮ್ ಅಲ್ ಹಸ್ಸಮ್, ಬಹರೈನ್
ಮೇ ೧೪, ೨೦೨೪, ಮಂಗಳವಾರ

ಪ್ರೀತಿಯ ಜಾನೆಟ್,

ಇವತ್ತು ಬೆಳಿಗ್ಗೆ ಬಾತ್‌ರೂಮಿನ ಬಿಳಿ ಟೈಲ್ಸಿನ ಮೇಲೆ ಒಂದು ಉಗುರು ಬಿದ್ದಿತ್ತು. ಕತ್ತರಿಸಿದ ತುಂಡಲ್ಲ, ಕಾಲಿನ ಹೆಬ್ಬೆರಳಿನ ಇಡೀ ಉಗುರು. ಒಂದು ಬದಿ ಕಪ್ಪಗಾಗಿತ್ತು. ಇನ್ನೊಂದು ಬದಿಯಲ್ಲಿ, ವೀಸಾ ಫೋಟೊ ತೆಗೆಸಲು ಹೋದ ದಿನ ಅಕ್ಕ ಹಚ್ಚಿಕೊಂಡಿದ್ದ ಗುಲಾಬಿ ಬಣ್ಣ ಇನ್ನೂ ಉಳಿದಿತ್ತು. ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಟಿಶ್ಯೂ ಕಾಗದದಲ್ಲಿ ಸುತ್ತಿ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡು ಆಫೀಸಿಗೆ ಬಂದೆ. ಈಗ ಅದರ ಪಕ್ಕದಲ್ಲೇ ಕೂತು ನಿನಗೆ ಬರೆಯುತ್ತಿದ್ದೇನೆ.

ನೀನು ಆರಾಮ ಇದ್ದೀ ಅಂದುಕೊಂಡಿದ್ದೇನೆ. ಎರಡು ಪತ್ರಗಳಿಗೆ ಉತ್ತರ ಬರೆಯದೆ ಕೂತೆ, ಸಿಟ್ಟಾಗಬೇಡ. ವಾಟ್ಸಾಪಿನಲ್ಲಿ ಯಾಕೆ ಸಿಗುವುದಿಲ್ಲ ಎಂದು ನೀನು ಕೇಳಿದ್ದೆ. ಪ್ರತಿ ಶುಕ್ರವಾರ ಕಮಲಾಕ್ಷ ಭಾವ ಅಕ್ಕನದ್ದೂ ನನ್ನದೂ ಫೋನುಗಳನ್ನು ಈಸಿಕೊಂಡು ಸೋಫಾದಲ್ಲಿ ಕೂತು ನೋಡುತ್ತಾರೆ. ಈ ಕಾಲದಲ್ಲಿ ಯಾರಾದರೂ ಕಾಗದ ಬರೆದಾರು ಎಂದು ಅವರಿಗೆ ಹೊಳೆದಿಲ್ಲ. ನಿನಗೆ ಆಫೀಸಿನ ವಿಳಾಸ ಕೊಟ್ಟದ್ದು ಅದಕ್ಕೇ. ಎಂ.ಎ. ಓದುವಾಗ ನನ್ನ ಸೆಮಿನಾರನ್ನೂ ನೀನೇ ಎದ್ದು ಓದುತ್ತಿದ್ದೆಯಲ್ಲ, ಈಗಲೂ ನನ್ನ ಬಾಯಿ ಅಷ್ಟೇ. ನಮ್ಮ ಆಫೀಸು ನಡೆಸುವ ಹರ್ಬರ್ಟ್ ಅಂಕಲ್ ಹೇಳುತ್ತಾರೆ, "ನವ್ಯಾ, ನಿನ್ನ ಮಾತು ಕೇಳ್ಬೇಕಾದ್ರೆ ಗಿರಾಕಿಗಳಿಗೆ ಒಂದೊಂದು ಹಿಯರಿಂಗ್ ಏಡ್ ಕೊಡ್ಬೇಕು ಮಾರಾಯ್ತಿ."

ನೀನು ಇಟಲಿಯಿಂದ ಕಳಿಸಿದ ಚಿತ್ರದ ಕಾರ್ಡುಗಳೂ ಕೈಯಲ್ಲಿ ಬರೆದ ದಾರಿಯ ನಕ್ಷೆಯೂ ಸಿಕ್ಕಿದವು. ಸರೋವರದ ದಂಡೆಯ ಪುಟ್ಟ ಚರ್ಚಿನಿಂದ ಹೊರಟು, ದ್ರಾಕ್ಷಿ ತೋಟಗಳ ಕಲ್ಲುಗೋಡೆ ಹಿಡಿದು ಏರಿ, ಚೆಸ್ಟ್‌ನಟ್ ಮರಗಳ ನೆರಳು ದಾಟಿದರೆ ಇಪ್ಪತ್ತೇ ಮನೆಗಳ ಆ ಹಳ್ಳಿ, ಅಲ್ಲಿ ಒಂದು ನೀರಿನ ತೊಟ್ಟಿ, ತೊಟ್ಟಿಯ ಹತ್ತಿರ ನೀನು ಕಾಯುತ್ತಿರುತ್ತೀ ಎಂದು ಬರೆದಿದ್ದೆ. "ನಿನ್ನ ಅಕ್ಕ ಬರುವ ತಾರೀಕು ಬರೆ, ನಾನು ನೋಡಿಕೊಳ್ಳುವ ಅಜ್ಜಿಯನ್ನು ಮಧ್ಯಾಹ್ನ ಮಲಗಿಸಿ ಓಡಿ ಬರ್ತೇನೆ, ಕಾಲೇಜಿನಲ್ಲಿ ಅವರು ಕಟ್ಟಿಕೊಟ್ಟ ಬುತ್ತಿಯ ಋಣ ಉಂಟು" ಎಂದಿದ್ದೆ. ಆ ತಾರೀಕು ಬರೆಯಲಾಗದೆ ಇಷ್ಟು ದಿನ ತಡವಾಯಿತು. ಯಾಕೆಂದು ಹೇಳಬೇಕಾದರೆ ಇಟಲಿ ನಮ್ಮ ಮನೆಗೆ ಹೇಗೆ ಬಂತು ಎಂಬಲ್ಲಿಂದ ಹೇಳಬೇಕು.

ಅಸ್ಕರ್ ಕಡೆ ಒಂದು ವರ್ಕ್‌ಶಾಪಿನಲ್ಲಿ ಭಾವ ಫೋರ್‌ಮನ್. ಅಲ್ಲಿಗೆ ಬಂದಿರುವ ಹೊಸ ಮ್ಯಾನೇಜರು ನಿನ್ನ ಸರೋವರದ ಕಡೆಯವರು. ಪ್ರತಿ ಜೂನಿನಲ್ಲಿ ಊರಿಗೆ ಹೋಗುವಾಗ ತಮಗೆ ಮೆಚ್ಚಿಗೆಯಾದ ಇಬ್ಬರನ್ನು ಹೆಂಡತಿಯರ ಸಮೇತ ಕರೆದುಕೊಂಡು ಹೋಗಿ, ಒಂದು ವಾರ ಹಳ್ಳಿಯಿಂದ ಹಳ್ಳಿಗೆ ಗುಡ್ಡಗಾಡು ನಡೆಸುವುದು ಅವರ ಪದ್ಧತಿಯಂತೆ. ಹಾಗೆ ಜೊತೆಯಲ್ಲಿ ನಡೆದವರೇ ಮುಂದೆ ಸೂಪರ್‌ವೈಸರ್ ಆಗುತ್ತಾರೆ ಎಂದು ವರ್ಕ್‌ಶಾಪಿನಲ್ಲಿ ಮಾತಿದೆ. ಈ ವರ್ಷ ಭಾವನನ್ನೂ, ನಮ್ಮ ಕೆಳಗಿನ ಮಾಳಿಗೆಯ ವ್ಯಾಲೆಂಟೈನ್ ಅವರನ್ನೂ ಕರೆದರು. ಆ ದಿನ ಭಾವ ಮಿಠಾಯಿ ತಂದರು. ಅಕ್ಕನ ಬಾಯಿಗೆ ಅವರೇ ಇಟ್ಟರು. ಮಿಠಾಯಿ ನುಂಗುವ ಮೊದಲೇ ಹೇಳಿದರು, "ಜ್ಯೋತ್ಸ್ನಾ, ಅಲ್ಲಿ ಸಾಹೇಬರ ಹೆಂಡತಿ ಅರವತ್ತು ವರ್ಷದವಳು, ಆಡಿನ ಹಾಗೆ ಹತ್ತುತ್ತಾಳಂತೆ. ನೀನು ನಡುವಿನಲ್ಲಿ ಕೂತು ನನ್ನ ಮರ್ಯಾದೆ ತೆಗೆದ್ರೆ ಅಲ್ಲೇ ಸರೋವರಕ್ಕೆ ದೂಡಿ ಬರ್ತೇನೆ."

ತಮಾಷೆಗೆ ಹೇಳಿದರೆಂದು ನಾನು ನಕ್ಕೆ. ಅಕ್ಕ ನಗಲಿಲ್ಲ.

ಮೊದಲು ವೀಸಾ ಫೋಟೊ ಆಗಬೇಕಿತ್ತು. ಅರ್ಜಿ ತುಂಬಿಸಿದವಳು ನಾನೇ, ನಮ್ಮ ಆಫೀಸಿನದ್ದು ಟಿಕೇಟು-ವೀಸಾ ಕೆಲಸವಲ್ಲವೇ. ಮುಖದಲ್ಲಿ ಗಾಯ, ಬಾವು ಇದ್ದರೆ ಫೋಟೊ ವಾಪಸು ಬರುತ್ತದೆ ಎಂದು ಹರ್ಬರ್ಟ್ ಅಂಕಲ್ ಎಲ್ಲರಿಗೂ ಹೇಳುವಂತೆ ಭಾವನಿಗೂ ಹೇಳಿದ್ದರು. ಜಾನೆಟ್, ಅದಾದ ಮೇಲೆ ಹದಿನೆಂಟು ದಿನ ಭಾವ ಅಕ್ಕನ ಮುಖ ಮುಟ್ಟಲಿಲ್ಲ. ಹೊಡೆತ ನಿಲ್ಲಲಿಲ್ಲ, ಜಾಗ ಬದಲಾಯಿತು. ಬೆನ್ನು, ತೊಡೆ, ತೋಳಿನ ಒಳಭಾಗ. ಹದಿನೆಂಟನೆಯ ದಿನ ಫೋಟೊ ತೆಗೆಸಿ, ಬೆರಳಚ್ಚು ಕೊಟ್ಟು ಬಂದ ಸಂಜೆ, ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಎರಡು ಕೆನ್ನೆಗೂ ಬಾರಿಸಿದರು. ಎಷ್ಟು ದಿನದಿಂದ ಕೈ ಕಟ್ಟಿಕೊಂಡು ಕೂತಿದ್ದರೋ ಎಂಬ ಹಾಗೆ. ಅಕ್ಕನ ಕಿವಿಯ ಓಲೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ನಾನು ನೆಲದ ಮೇಲೆ ಬಗ್ಗಿಯೇ ಇದ್ದೆ, ಮುಗಿಯುವ ತನಕ.

ಇನ್ನು ತಾಲೀಮು. ನಾವಿರುವುದು ನಾಲ್ಕನೇ ಮಾಳಿಗೆ. ದಿನಾ ಬೆಳಿಗ್ಗೆ ಇಪ್ಪತ್ತು ಸಲ ಹತ್ತಿ ಇಳಿಯಬೇಕು, ಬೆನ್ನಿಗೆ ಹತ್ತು ಕಿಲೋ ಕುಚ್ಚಲಕ್ಕಿ ತುಂಬಿದ ಬ್ಯಾಗು. ಭಾವ ಶಿಫ್ಟಿಗೆ ಹೋದ ಮೇಲೂ ತಪ್ಪಿಸುವ ಹಾಗಿಲ್ಲ. ಪ್ರತಿ ಸುತ್ತಿಗೆ ಕೆಳಗಿನ ಬಾಗಿಲಿನ ಫೋಟೊ ತೆಗೆದು ಅವರಿಗೆ ಕಳಿಸಬೇಕು. ಕಟ್ಟಡದ ಕಾವಲುಗಾರ ಢಾಕಾದವನು, ಪಾಪ, ಮೊದಲ ದಿನ ಲಿಫ್ಟಿನ ಬಾಗಿಲು ಹಿಡಿದು ನಿಂತ. "ಭಾಬೀ, ಲಿಫ್ಟ್ ಠೀಕ್ ಹೈ, ಆಯಿಯೇ." ಅಕ್ಕ ಉಸಿರು ಎಳೆಯುತ್ತಾ, "ಇಟಲಿ ಜಾನಾ ಹೈ ಭೈಯಾ" ಎಂದಳು. ಅವನಿಗೆ ನಗು. "ಸೀಢಿ ಸೇ ಇಟಲಿ?" ಮೆಟ್ಟಿಲು ಹತ್ತಿ ಇಟಲಿಗಾ ಎಂದು. ಈಗ ಅವನೂ ಕೇಳುವುದಿಲ್ಲ. ಅಕ್ಕ ಬ್ಯಾಗು ಹೊತ್ತು ಇಳಿದರೆ ಕಾಲು ಮಡಚಿ ದಾರಿ ಬಿಡುತ್ತಾನೆ, ಅಷ್ಟೆ.

ಬೂಟು ತಂದವರೂ ಭಾವನೇ. ಆಫರಿನಲ್ಲಿ ಸಿಕ್ಕಿದ್ದು, ಒಂದು ಸೈಜು ಚಿಕ್ಕದು. "ಬೆರಳು ತಾಗ್ತದೆ" ಎಂದು ಅಕ್ಕ ಹೇಳಿದ್ದಕ್ಕೆ, "ನಡೆದ ಹಾಗೆ ಸರಿಯಾಗ್ತದೆ" ಎಂದರು. ಬೂಟು ಸರಿಯಾಗಲಿಲ್ಲ, ಬೆರಳು ಕಪ್ಪಾಯಿತು.

ಶುಕ್ರವಾರಗಳಲ್ಲಿ ಎಲ್ಲರೂ ಕಾರಿನಲ್ಲಿ ಅಸ್ಕರಿನ ಆಚೆಯ ಬಯಲಿಗೆ ಹೋಗುತ್ತೇವೆ. ನೀನು ಬರೆಯುವ ಹಸಿರು ಗುಡ್ಡಗಳನ್ನು ನೆನೆಸಿಕೊಂಡು ಇದನ್ನು ಊಹಿಸಬೇಡ. ಇಲ್ಲಿ ಸುಣ್ಣದ ಬಣ್ಣದ ಕಲ್ಲಿನ ದಿಬ್ಬ, ಅದರಾಚೆ ಅಂಥದೇ ಇನ್ನೊಂದು ದಿಬ್ಬ. ಏಳು ಗಂಟೆಗೇ ಕಲ್ಲು ಕಾಯುತ್ತದೆ. ವ್ಯಾಲೆಂಟೈನ್ ಮತ್ತು ಅವರ ಹೆಂಡತಿ ಶಾಲೆಟ್ ಬಾಯಿ ಫ್ಲಾಸ್ಕಿನಲ್ಲಿ ಚಾ, ಕಡಲೆ ಉಸಲಿ ತಂದು ಪಿಕ್‌ನಿಕ್ಕಿನ ಹಾಗೆ ನಡೆಯುತ್ತಾರೆ. ನನ್ನ ಕೆಲಸ ನೀರು ಹೊರುವುದು.

ಹೋದ ವಾರ ಅಕ್ಕ ಹಿಂದೆ ಬಿದ್ದಳು. ಭಾವ, "ನೀವು ನಡೀರಿ, ನಾನು ಕರ್ಕೊಂಡು ಬರ್ತೇನೆ" ಎಂದು ತಿರುಗಿ ಹೋದರು. ವ್ಯಾಲೆಂಟೈನ್ ಕೂಗಿದರು, "ಕಮಲಾಕ್ಷಣ್ಣ, ನಿಮ್ಮ ಟ್ರೈನಿಂಗ್ ಇಟಲಿಗಾ, ಬಾರ್ಡರಿಗಾ?" ಎಲ್ಲರೂ ನಕ್ಕರು. ನೀರು ಕೊಡಬೇಕಲ್ಲ ಎಂದು ನಾನು ಭಾವನ ಹಿಂದೆಯೇ ಹೋದೆ. ದಿಬ್ಬದ ಮರೆಯಲ್ಲಿ ಅಕ್ಕ ಒಂದು ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಭಾವ ನಡೆಯಲು ತಂದ ಅಲ್ಯೂಮಿನಿಯಂ ಕೋಲನ್ನು ಎರಡು ಕೈಯಲ್ಲಿ ಹಿಡಿದು ಅವಳ ಮೀನಖಂಡಕ್ಕೆ ಬೀಸಿದರು. ಗಾಳಿಯಲ್ಲಿ ಸುಂಯ್ ಎಂಬ ಸದ್ದು, ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗಿನ ಸದ್ದು. ಅಕ್ಕ ಕೂಗಲಿಲ್ಲ, ದುಪಟ್ಟದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ಲೆಕ್ಕ ಹಾಕಬಾರದು ಎಂದುಕೊಂಡರೂ ಲೆಕ್ಕವಾಯಿತು, ಆರು. ಆರನೆಯದಕ್ಕೆ ಕೋಲು ಬಗ್ಗಿತು. ಭಾವ ಅದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಲು ನೋಡಿ, ಆಗದೆ, ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು, "ನೀರು ಕೊಡು ಅವಳಿಗೆ."

ಕಾರಿನ ಹತ್ತಿರ ಬಂದಾಗ ಶಾಲೆಟ್ ಬಾಯಿ ಕೋಲನ್ನು ನೋಡಿದರು. "ಇದೆಂಥ ಆಯ್ತು?"

"ಕಲ್ಲಿನ ಸಂದಿಗೆ ಸಿಕ್ಕಿ ಬಗ್ಗಿತು. ಚೈನಾ ಮಾಲು" ಎಂದರು ಭಾವ.

"ಹೋಗ್ಲಿ ಬಿಡಿ, ಇಟಲಿಯಲ್ಲಿ ಒಳ್ಳೆದು ಸಿಗ್ತದೆ" ಎಂದು ವ್ಯಾಲೆಂಟೈನ್ ಸಮಾಧಾನ ಹೇಳಿದರು. ಶಾಲೆಟ್ ಬಾಯಿಯ ಕಣ್ಣು ಅಕ್ಕನ ಕಾಲಿನ ಕಡೆಗೆ ಹೋಗಿ ಹಿಂದೆ ಬಂತು. ನಮಗೆಲ್ಲ ಚಾ ಹಾಕಿಕೊಟ್ಟರು. ಅಕ್ಕನ ಲೋಟಕ್ಕೆ ಸಕ್ಕರೆ ಎರಡು ಚಮಚ ಹೆಚ್ಚು ಹಾಕಿದರು. ಅವರಿಂದ ಆದದ್ದು ಅಷ್ಟು.

ಇಲ್ಲಿ ಭಾವನನ್ನು ಕಂಡರೆ ಎಲ್ಲರಿಗೂ ಗೌರವ. ಯಾರಿಗೆ ರಕ್ತ ಬೇಕಾದರೂ ಮೊದಲು ಓಡುವವರು ಅವರು. ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಇದನ್ನೂ ಬರೆಯದಿದ್ದರೆ ನಾನು ಅರ್ಧ ಹೇಳಿದ ಹಾಗಾಗುತ್ತದೆ.

ಈ ಎಲ್ಲದರ ನಡುವೆ ನಿನ್ನ ಪತ್ರಗಳು ಏನು ಮಾಡಿದವು ಗೊತ್ತಾ? ಭಾವ ಮಧ್ಯಾಹ್ನದ ಶಿಫ್ಟಿನಲ್ಲಿದ್ದ ದಿನಗಳಲ್ಲಿ ಅಕ್ಕ ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಳಿಸಿ ಕೂರುತ್ತಾಳೆ, ನಾನು ಓದುತ್ತೇನೆ. ಬಂಡೆಗಳ ಮೇಲೆ, ಮರದ ಕಾಂಡಗಳ ಮೇಲೆ ಕೆಂಪು ಬಿಳಿ ಪಟ್ಟಿ ಬಳಿದಿರುತ್ತಾರೆ, ಅದೇ ದಾರಿಯ ಗುರುತು ಎಂದು ಬರೆದಿದ್ದೆಯಲ್ಲ. ದಣಿದಾಗ ಶಿಖರ ನೋಡಬೇಡ, ಮುಂದಿನ ಗುರುತಿನವರೆಗೆ ಮಾತ್ರ ನಡೆ ಎಂದು ನೀನು ನೋಡಿಕೊಳ್ಳುವ ಅಜ್ಜಿ ಹೇಳಿದ್ದನ್ನೂ ಬರೆದಿದ್ದೆ. ಅಕ್ಕ ಆ ಸಾಲನ್ನು ಮೂರು ಸಲ ಓದಿಸಿದಳು. "ಚಂದದ ಊರು ಮಾರಾಯ್ತಿ. ಅಲ್ಲಿ ಒಬ್ಬಳೇ ನಡೀಲಿಕ್ಕೆ ಆಗ್ತಿದ್ರೆ!" ಎಂದಳು. ಆಮೇಲೆ ಕಾಲು ಒರೆಸಿಕೊಂಡು ಅನ್ನಕ್ಕಿಡಲು ಎದ್ದಳು.

ಮೊನ್ನೆ ಭಾನುವಾರ ಮ್ಯಾನೇಜರು ಒಂದು ವೀಡಿಯೊ ಕಳಿಸಿದ್ದರು. ಸರೋವರದ ಮೇಲಿನ ಕಡಿದಾದ ದಾರಿ, ಒಂದು ಕಡೆ ಹಗ್ಗ ಕಟ್ಟಿದ್ದಾರೆ, ಕೆಳಗೆ ನೀಲಿ ನೀರು. ಭಾವ ಅದನ್ನು ಟೀವಿಗೆ ಹಾಕಿ ಇಬ್ಬರನ್ನೂ ಕರೆದರು. ಅಕ್ಕ ನೋಡಿ, ಯೋಚಿಸದೆ ಹೇಳಿಬಿಟ್ಟಳು, "ಇಷ್ಟು ಕಡಿದಾದ ದಾರಿ ನನ್ನಿಂದ ಆಗ್ಲಿಕ್ಕಿಲ್ಲ."

ಭಾವ ಎದ್ದು ಹೋಗಿ ತಮ್ಮ ಬೂಟು ಹಾಕಿಕೊಂಡು ಬಂದರು. ಲೇಸು ಕಟ್ಟುವುದಕ್ಕೆ ಅವರು ತೆಗೆದುಕೊಂಡ ಸಮಯವೇ ನನ್ನ ಎದೆಯಲ್ಲಿ ಕೂತಿದೆ. ಎರಡು ಸುತ್ತು, ಎರಡು ಗಂಟು. ಅಕ್ಕನಿಗೂ ಗೊತ್ತಾಯಿತು, ಆದರೆ ಕೂತಲ್ಲಿಂದ ಏಳಲಿಲ್ಲ. "ಆಗ್ಲಿಕ್ಕಿಲ್ಲವಾ? ಈಗ ಆಗ್ತದಾ? ಈಗ?" ಎನ್ನುತ್ತಾ ಆ ಕಪ್ಪಾದ ಬೆರಳ ಮೇಲೆಯೇ ತುಳಿದರು. ಹಿಮ್ಮಡಿ ಒತ್ತಿ ತಿರುಗಿಸಿದರು. ಟೀವಿಯಲ್ಲಿ ಸರೋವರ ಹೊಳೆಯುತ್ತಿತ್ತು, ಯಾವುದೋ ಚರ್ಚಿನ ಗಂಟೆ ಕೇಳುತ್ತಿತ್ತು. ರಕ್ತ ಚಾಪೆಗೆ ಇಳಿಯಿತು. ಅಕ್ಕ ಅವರ ಮೊಣಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಆಗ್ತದೆ, ಆಗ್ತದೆ, ಹತ್ತುತ್ತೇನೆ" ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಜಾನೆಟ್, ನಾನು ನಿಂತೇ ಇದ್ದೆ.

ಆ ಉಗುರೇ ಇವತ್ತು ಉದುರಿದ್ದು.

ಈಗ ಆಫೀಸಿನ ಸುದ್ದಿ. ಹತ್ತು ಗಂಟೆಗೆ ವೀಸಾ ಕೇಂದ್ರದಿಂದ ಮೆಸೇಜು ಬಂತು, ಭಾವ ಅಕ್ಕ ಇಬ್ಬರದೂ ವೀಸಾ ಆಗಿದೆ, ಗುರುವಾರ ಬೆಳಿಗ್ಗೆ ಪಾಸ್‌ಪೋರ್ಟುಗಳನ್ನು ಒಯ್ಯಬಹುದು ಎಂದು. ಆಫೀಸಿನ ಪರವಾಗಿ ಹೋಗಿ ತರಬೇಕಾದವಳು ನಾನು. ಅಕ್ಕನ ಪಾಸ್‌ಪೋರ್ಟು ಭಾವನ ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ಬಂದದ್ದು ಈ ಇಟಲಿಯ ದೆಸೆಯಿಂದ. ಗುರುವಾರ ಕೆಲವು ಗಂಟೆ ಅದು ನನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ. ಸಂಜೆ ಮತ್ತೆ ಪೆಟ್ಟಿಗೆಗೆ ಹೋದರೆ, ಇಟಲಿಯಲ್ಲೂ ಅವರ ಜೇಬು ಬಿಡುವುದಿಲ್ಲ. ಬೀಗದ ಕೈ ಅವರ ಉಡಿದಾರದಲ್ಲಿದೆ.

ನಮ್ಮ ಹರ್ಬರ್ಟ್ ಅಂಕಲಿನದ್ದು ಒಂದು ಹಟ ಇದೆ. ಪಾಸ್‌ಪೋರ್ಟು ಯಾರದ್ದೋ ಅವರ ಕೈಗೇ ಕೊಡಬೇಕು, ಅವರೇ ದೊಡ್ಡ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಗಂಡ ಬಂದರೂ ಇಲ್ಲ, ಮಾಲೀಕ ಬಂದರೂ ಇಲ್ಲ. ಹಿಂದೆ ಯಾವಾಗಲೋ ಒಬ್ಬಳು ಮನೆಗೆಲಸದವಳ ಪಾಸ್‌ಪೋರ್ಟನ್ನು ಅವಳು ಕೆಲಸಕ್ಕಿದ್ದ ಮನೆಯವರ ಕೈಗೆ ಕೊಟ್ಟು, ಅವಳು ಎರಡು ವರ್ಷ ಊರು ಕಾಣಲಿಲ್ಲವಂತೆ. "ಆ ಪಾಪ ನಾನು ಇಗರ್ಜಿಯಲ್ಲಿ ಪಾದ್ರಿಗಳ ಹತ್ರವೂ ಹೇಳಿ ಮುಗಿಸ್ಲಿಲ್ಲ" ಎನ್ನುತ್ತಾರೆ. ಆದರೆ ಭಾವ ಅಂಕಲಿನ ಸ್ನೇಹಿತರು, ಮತ್ತು ನಾನು ಮನೆಯವಳು. ಅದೇ ಮೆಸೇಜು ಭಾವನಿಗೂ ಹೋಗಿತ್ತು, ಐದೇ ನಿಮಿಷಕ್ಕೆ ನನಗೆ ಫೋನು ಮಾಡಿದರು.

"ನವ್ಯಾ, ಗುರುವಾರ ಆರು ಗಂಟೆಗೆ ಬರ್ತೇನೆ. ಎರಡೂ ನನ್ನ ಕೈಗೇ. ಸಹಿ ಗಿಹಿ ನೀನೇ ಹಾಕಿ ಬಿಡು, ನಿನ್ನ ಅಕ್ಕನದ್ದಲ್ವಾ. ಆಯ್ತಾ ಮಗಾ?"

ನಾನು "ಹೂಂ" ಎಂದೆ. ನನ್ನ ಹೂಂ ನಿನಗೆ ಗೊತ್ತಲ್ಲ, ಒಪ್ಪಿದರೂ ಅದೇ, ಒಪ್ಪದಿದ್ದರೂ ಅದೇ.

ಫೋನಿಟ್ಟು ತಲೆ ಎತ್ತಿದರೆ ಅಂಕಲ್ ಕ್ಯಾಬಿನ್ನಿನ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದು, ನನ್ನ ಮೇಜಿನ ರಿಜಿಸ್ಟರನ್ನು ಸುಮ್ಮನೆ ನೆಟ್ಟಗೆ ಮಾಡಿ ಇಟ್ಟು, "ಗುರುವಾರ ನಾನು ಎಲ್ಲಿಗೂ ಹೋಗುದಿಲ್ಲ. ಏಳು ಗಂಟೆ ತನಕ ಇಲ್ಲೇ ಇರ್ತೇನೆ, ಬಾಗಿಲು ತೆಗೆದಿಟ್ಟು" ಎಂದರು. ಹಾಗೇ ಕ್ಯಾಬಿನ್ನಿಗೆ ಹಿಂತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, "ಕಮಲಾಕ್ಷ ರಕ್ತ ಕೊಡುದು ನನಗೂ ಗೊತ್ತುಂಟು, ತೆಗೆಯುದೂ ಗೊತ್ತುಂಟು" ಎಂಬ ಮಾತು ಮಾತ್ರ ಕೇಳಿಸಿತು.

ಆದ್ದರಿಂದ ತಾರೀಕು ಕೇಳಬೇಡ. ಆ ತೊಟ್ಟಿಯ ಹತ್ತಿರ ಬಿಸಿಲಲ್ಲಿ ನೀನು ಕಾಯುವುದು ಬೇಡ ಎಂದೇ ಇದನ್ನು ಬರೆದೆ.

ನಿನ್ನ ಅಜ್ಜಿಗೆ ಮಂಡಿನೋವು ಕಡಿಮೆಯಾಗಲಿ. ಅವರ ಗುರುತಿನ ಮಾತು ಬಹರೈನಿನ ಬಕೆಟ್ಟಿನ ತನಕ ಬಂತು ಎಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಚಳಿಯಲ್ಲಿ ಬರಿಗಾಲಲ್ಲಿ ತಿರುಗಬೇಡ. ನಿನ್ನ ದಾರಿಯಲ್ಲಿ ದೇವರು ಮುಂದೆ ಮುಂದೆ ನಡೆಯಲಿ.

ನಿನ್ನ,
ನವ್ಯಶ್ರೀ

ಮರೆತದ್ದು: ಮರೆತದ್ದಲ್ಲ ಜಾನೆಟ್, ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಅಕ್ಕ ಊರಿಗೆ ಹೋಗಿಬಿಡುವವಳಿದ್ದಳು. ಆಗ ಪೆಟ್ಟಿಗೆ ಇರಲಿಲ್ಲ, ಪಾಸ್‌ಪೋರ್ಟು ಕಪಾಟಿನಲ್ಲೇ ಇರುತ್ತಿತ್ತು. ಅಕ್ಕ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಟ್ಟು ನನಗೊಬ್ಬಳಿಗೆ ಹೇಳಿದಳು. ಭಾವನಿಗೆ ಸಂಶಯ ಬಂತು. ಅವರು ಬೈಯಲಿಲ್ಲ. ನನ್ನ ಎದುರು ಸ್ಟೂಲು ಎಳೆದು ಕೂತು ಮೆಲ್ಲಗೆ ಕೇಳಿದರು, "ನವ್ಯಾ, ನೀನು ಸುಳ್ಳು ಹೇಳುವ ಹುಡುಗಿ ಅಲ್ಲ. ಎಲ್ಲುಂಟು?" ನಾನು ಬಾಯಿ ಬಿಡಲಿಲ್ಲ. ಅದನ್ನೇ ನನಗೆ ನಾನು ಇಷ್ಟು ದಿನ ಹೇಳಿಕೊಂಡು ಬಂದದ್ದು, ನಾನು ಬಾಯಿ ಬಿಡಲಿಲ್ಲ ಎಂದು. ಆದರೆ ನನ್ನ ಕಣ್ಣು ಡಬ್ಬದ ಕಡೆಗೆ ಹೋಯಿತು. ಭಾವ ಎದ್ದು ಡಬ್ಬ ಸುರಿದರು. ಅಕ್ಕಿಯ ರಾಶಿಯ ಮೇಲೆ ಅಕ್ಕನನ್ನು ಕೆಡವಿ, ಅವಳ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದರು. ಎರಡು ಸಲ.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಡಾಕ್ಟರು ಭಾವನನ್ನು ಹೊರಗೆ ಕೂರಿಸಿ, ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ಗುರುತಿಲ್ಲದ ಮನುಷ್ಯ, ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ನರ್ಸು ನಮ್ಮ ಹೆಸರು ಓದಿ, ನಕ್ಕು, ತುಳುವಿನಲ್ಲಿ ಊರು ಕೇಳಿದರು. ಕಾಪುವಿನವರು, ನಮ್ಮ ಸೋದರಮಾವನ ನೆರೆಮನೆಯಂತೆ. "ಹೆದರ್ಬೇಡ, ಹೇಳು ಮಗಾ" ಎಂದರು. ಅವರು ನಮ್ಮವರಾದದ್ದಕ್ಕೇ ನನ್ನ ನಾಲಿಗೆ ತಿರುಗಿತು. ಇವತ್ತು ಇವರಿಗೆ ಹೇಳಿದರೆ ನಾಳೆ ಊರಿಗೆ ಗೊತ್ತು ಎಂದು, "ಮೆಟ್ಟಿಲು ಒದ್ದೆ ಇತ್ತು, ಜಾರಿದಳು" ಎಂದೆ. ಅದೊಂದು ಸುಳ್ಳನ್ನು ನಾನು ಎಷ್ಟು ಸ್ಪಷ್ಟವಾಗಿ ಹೇಳಿದೆ ಎಂದರೆ, ಯಾರಿಗೂ ಹಿಯರಿಂಗ್ ಏಡ್ ಬೇಕಾಗಲಿಲ್ಲ.

ಆ ಡಬ್ಬದ ಸಂಗತಿ ಅಕ್ಕನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಬೆರಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದವಳ ಹತ್ತಿರ ಕೂತು, "ಈ ವಾರ ಪಾಸ್‌ಪೋರ್ಟು ಬರಬಹುದು ಅಕ್ಕ. ಎಲ್ಲಾದರೂ ಅಡಗಿಸಿಡಲಾ?" ಎಂದು ಕೇಳಿದೆ. ಅಕ್ಕ ತಲೆ ಎತ್ತಲಿಲ್ಲ.

"ಎಲ್ಲಿಯೂ ಅಡಗಿಸ್ಬೇಡ ಮಾರಾಯ್ತಿ. ಅಡಗಿಸಿದ ಕಡೆಗೇ ನಿನ್ನ ಕಣ್ಣು ಹೋಗ್ತದೆ. ನನ್ನ ಕೈಗೆ ಕೊಡು."

ಗಂಟು ಬಿಗಿದು, ಹಲ್ಲಿನಲ್ಲಿ ಬಟ್ಟೆಯ ತುದಿ ಹರಿದು, ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು ಎದ್ದಳು. ಬಾಗಿದ ಮಣಿಕಟ್ಟಿನ ಕೈ. "ಮನೆಯಿಂದ ನಿನ್ನ ಆಫೀಸು. ಆಫೀಸಿನಿಂದ ಏರ್‌ಪೋರ್ಟು. ಅದರಾಚೆಗಿನದ್ದು ಈಗ ಬೇಡ" ಎಂದು ತನಗೇ ಹೇಳಿಕೊಂಡಳು.

ಮಧ್ಯಾಹ್ನ ನಾನು ಆಫೀಸಿನ ಫೋನಿನಿಂದ ಶಿರ್ವಕ್ಕೆ, ನಿನ್ನ ಅಮ್ಮನಿಗೆ ಮಾತಾಡಿದೆ. ಅಕ್ಕ ನಮ್ಮಮ್ಮನ ಹತ್ತಿರ ಹೋದರೆ ಭಾವ ಎರಡೇ ದಿನದಲ್ಲಿ ಬಂದು ಕೈಮುಗಿದು ಕರೆದುಕೊಂಡು ಹೋಗುತ್ತಾರೆ, ಅಮ್ಮ ಬುತ್ತಿ ಕಟ್ಟಿ ಕಳಿಸುತ್ತಾಳೆ. ನಿನ್ನ ಅಮ್ಮ, ಅಪೊಲಿನ್ ಬಾಯಮ್ಮ, ಪೂರ್ತಿ ಕೇಳಲೂ ಇಲ್ಲ. "ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ ಹಾಕಿದ್ದೇನೆ, ನಾಳೆ ತೆಗೆಸ್ತೇನೆ. ನಾಯಿ ಬೊಗಳ್ತದೆ, ಕಚ್ಚುದಿಲ್ಲ. ಬರ್ಲಿಕ್ಕೆ ಹೇಳು" ಎಂದರು. ನಿನ್ನನ್ನು ಕೇಳದೆ ನಿನ್ನ ಮನೆ ಕೇಳಿದೆ, ಕ್ಷಮಿಸು.

ಗುರುವಾರ ಮಧ್ಯಾಹ್ನ ಎರಡೂವರೆಗೆ ಮಂಗಳೂರಿನ ವಿಮಾನ ಇದೆ. ಒಂದು ಟಿಕೇಟು ತೆಗೆದಿದ್ದೇನೆ. ಬೆಳಿಗ್ಗೆ ಅಕ್ಕ ದಿನದ ಹಾಗೇ ಬೆನ್ನಿಗೆ ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿಯುತ್ತಾಳೆ, ಅಕ್ಕಿಯ ಬದಲು ಬಟ್ಟೆ ಇರುತ್ತದೆ. ಕಾವಲುಗಾರ ಕಾಲು ಮಡಚಿ ದಾರಿ ಬಿಡುತ್ತಾನೆ. ಇಪ್ಪತ್ತನೆಯ ಸುತ್ತಿಗೆ ಅವಳು ಮೇಲೆ ಹತ್ತುವುದಿಲ್ಲ, ನನ್ನ ಆಫೀಸಿಗೆ ಬರುತ್ತಾಳೆ. ಆ ಬೂಟನ್ನೂ ಹಾಕುವುದಿಲ್ಲ. ನನ್ನ ಚಪ್ಪಲಿ ಅವಳಿಗೆ ಸರಿಯಾಗುತ್ತದೆ.

ಆರು ಗಂಟೆಗೆ ಭಾವ ಬರುತ್ತಾರೆ. ಅಷ್ಟು ಹೊತ್ತಿಗೆ ಅಕ್ಕ ಸಮುದ್ರದ ಮೇಲಿರುತ್ತಾಳೆ. ಅವರು ಬೈಯುವುದಿಲ್ಲ, ಕುರ್ಚಿ ಎಳೆದು ಕೂತು ಮೆಲ್ಲಗೆ ಕೇಳುತ್ತಾರೆ ಎಂದು ನನಗೆ ಗೊತ್ತು. ನಾನು ಡ್ರಾಯರಿನ ಕಡೆ ನೋಡುವುದಿಲ್ಲ, ಬಾಗಿಲಿನ ಕಡೆ ನೋಡುವುದಿಲ್ಲ. ರಿಜಿಸ್ಟರನ್ನು ಅವರ ಕಡೆಗೆ ತಿರುಗಿಸಿ ಅಕ್ಕನ ಸಹಿಯ ಮೇಲೆ ಬೆರಳಿಡುತ್ತೇನೆ. ಅವರು ತಲೆ ಎತ್ತುವ ತನಕ ಅವರ ಮುಖವನ್ನೇ ನೋಡುತ್ತಿರುತ್ತೇನೆ.